ದೀಪ ಆರಿಸೋದು ಯಾವಾಗ?

ಡಿಸೆಂಬರ್ ಬಂತು ಅಂದ್ರೆ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಿನಲ್ಲಿ ಒಂದು ಗಂಟೆ ಕ್ರಿಸ್‌ಮಸ್ ಲೈಟಿಗೇ ಮೀಸಲು. ವಾರ್ಮ್ ವೈಟಾ, ಕೂಲ್ ವೈಟಾ, ಮಲ್ಟಿಕಲರಾ? ಬಾಲ್ಕನಿಗೆ ಕರ್ಟನ್ ಲೈಟಾ, ಐಸಿಕಲ್ ಲೈಟಾ? (ಡಿಸೆಂಬರಿನ ಬೆಂಗಳೂರಲ್ಲಿ ಹಿಮದ ಕಡ್ಡಿ ಯಾಕೆ ಇಳಿಬೀಳಬೇಕು ಅಂತ ಯಾರೂ ಕೇಳಲ್ಲ, ನಾನೂ ಕೇಳಿಲ್ಲ.) ಗೇಟಿನ ಹತ್ರ ಇರೋ ಹೊಂಗೆ ಮರಕ್ಕೆ ಎಷ್ಟು ಮೀಟರ್ ಸುತ್ತಬೇಕು, ಕೆಳಗಿನ ಲಾನಿಗೆ ಹಸಿರು ಲೇಸರ್ ಬೇಕೋ ಬೇಡ್ವೋ. ಹೋದ ವರ್ಷ ಪಕ್ಕದ ಬ್ಲಾಕಿನವರು ಏನು ಹಾಕಿದ್ರು ಅನ್ನೋ ಫೋಟೋ ಕೂಡ ಬರುತ್ತೆ. ಎಲ್ಲರೂ ಓದಿದವರು, ಎಲ್ಲರಿಗೂ ಅಭಿಪ್ರಾಯ ಇದೆ. ಒಂದೇ ಒಂದು ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರಲ್ಲ. ಹಚ್ಚಿದ ಲೈಟನ್ನ ಆಫ್ ಮಾಡೋದು ಎಷ್ಟು ಹೊತ್ತಿಗೆ?

ನಾನೂ ಕೇಳ್ತಿರಲಿಲ್ಲ. ಎರಡು ವರ್ಷದ ಹಿಂದೆ ಕುಂದಗೋಳದಲ್ಲಿ ನನ್ನ ಕೈಯಿಂದಲೇ ಒಂದು ಅನಾಹುತ ಆಗೋ ತನಕ.

ಅನಾಹುತ ಅಂದ್ರೆ ಬೆಂಕಿ ಹತ್ತಲಿಲ್ಲ, ಶಾಕ್ ಹೊಡೀಲಿಲ್ಲ. ಸೇವಂತಿಗೆ ಹೂ ಬಿಡಲಿಲ್ಲ, ಅಷ್ಟೇ. ಆದ್ರೆ ನಮ್ಮವ್ವನ ಲೆಕ್ಕದಲ್ಲಿ ಅದು ಬೆಂಕಿಗಿಂತ ಕಡಿಮೆಯದ್ದೇನಲ್ಲ.

ಹುಬ್ಬಳ್ಳಿಯಿಂದ ಬೆಂಗಳೂರಿನ ರೈಲು ಹತ್ತಿದ್ರೆ ಇಪ್ಪತ್ತು ಕಿಲೋಮೀಟರ್ ಆಚೆ ಸಿಗೋ ಊರು ನಮ್ಮದು. ಕರಿ ಎರಿ ಭೂಮಿ, ಹತ್ತಿ, ಮೆಣಸಿನಕಾಯಿ, ಜೋಳ. ಮನೆ ಮುಂದೆ ಒಂದು ಅಂಗಳ, ಅಂಗಳದ ಅಂಚಿಗೆ ಅವ್ವನ ಸೇವಂತಿಗೆ ಸಾಲು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲೋಕೆ ಹೋಗುವಾಗ ಬುಟ್ಟಿಗೆ ಇಡೋ ಹೂವು, ಸಂಕ್ರಾಂತಿಯ ಹೂವು, ದಿನಾ ಸಂಜೆ ಮುಡಿಯೋ ಹೂವು, ಎಲ್ಲಾ ಅಲ್ಲಿಂದಲೇ. ಸಂತೆಯಲ್ಲಿ ಹೂ ಕೊಳ್ಳೋದು ಅವ್ವನಿಗೆ ಸೋಲು ಇದ್ದ ಹಾಗೆ.

ಆ ವರ್ಷ ದೀಪಾವಳಿಗೆ ನಾನು ಊರಿಗೆ ಹೋಗುವಾಗ ಆನ್‌ಲೈನಲ್ಲಿ ಆಫರ್‌ನಲ್ಲಿ ತರಿಸಿದ ಹತ್ತು ಸೆಟ್ ಎಲ್ಇಡಿ ಸರ ತಗೊಂಡು ಹೋದೆ. ಮನೆ ಮುಂದೆ ನಾಲ್ಕು, ಮಾಳಿಗೆ ಮೇಲೆ ಮೂರು, ಉಳಿದ ಮೂರು ಅಂಗಳದ ಗಿಡಗಳಿಗೆ. ಫೋಟೋ ತೆಗೆದೆ, ಸ್ಟೇಟಸ್ ಹಾಕಿದೆ, ಆಫೀಸಿನವರು ಹೃದಯ ಕೊಟ್ರು. ಹಬ್ಬ ಮುಗಿದ ಮೇಲೆ ಬಿಚ್ಚೋಕೆ ಬೇಜಾರು. "ಇರಲಿ ಬಿಡವ್ವಾ, ಕರೆಂಟೇನೂ ತಿನ್ನಂಗಿಲ್ಲ, ಹೊಸ ವರ್ಷದ ತನಕ ಇರಲಿ, ಕ್ರಿಸ್‌ಮಸ್ಸಿಗೂ ಆತು" ಅಂತ ಹೇಳಿ ಬೆಂಗಳೂರಿಗೆ ಬಂದುಬಿಟ್ಟೆ. ಮಗ ಹಾಕಿದ್ದು ಅಂತ ಅವ್ವ ಒಂದು ದಿನವೂ ಆಫ್ ಮಾಡಲಿಲ್ಲ.

ಡಿಸೆಂಬರ್ ಕೊನೆಗೆ ಹೋದ್ರೆ ಸೇವಂತಿಗೆ ಗಿಡ ಸೊಂಟದ ಮಟ್ಟ ಬೆಳೆದು ನಿಂತಿದೆ. ಎಲೆ ಗಟ್ಟಿ, ಹಸಿರು ಗಾಢ, ಮೊಗ್ಗು ಸೊನ್ನೆ. ಸರ ಹಾಕದೇ ಇದ್ದ ಹಿತ್ತಲಿನ ಎರಡು ಗಿಡ ಮಾತ್ರ ಹಳದಿ ಹೂವಿಂದ ಬಾಗಿವೆ. ನಾನು ಗೊಬ್ಬರ ಜಾಸ್ತಿ ಆಗಿರಬೇಕು ಅಂದೆ. ಅವ್ವ ಒಂದು ಸಲ ಗಿಡ ನೋಡಿದಳು, ಒಂದು ಸಲ ಲೈಟ್ ನೋಡಿದಳು. "ಗಿಡಕ್ಕ ರಾತ್ರಿನ ಇಲ್ಲದಂಗ ಮಾಡೀಯಲ್ಲೋ ತಮ್ಮಾ. ಬೆಳತನಕ ಕಣ್ಣಾಗ ದೀಪ ಹಿಡಿದ್ರ ಅದರ ಯಾವಾಗ ಮಕ್ಕೊಬೇಕು?"

ಹಳ್ಳಿ ಹೆಂಗಸಿನ ಭಾವುಕ ಮಾತು ಅಂತ ಮನಸ್ಸಲ್ಲೇ ನಕ್ಕೆ. ಆಮೇಲೆ ಓದಿ ನೋಡಿದ್ರೆ ಅವಳು ಹೇಳಿದ್ದು ಪಕ್ಕಾ ಸಸ್ಯಶಾಸ್ತ್ರ. ಸೇವಂತಿಗೆಗೆ ಮೊಗ್ಗು ಕಟ್ಟೋಕೆ ಉದ್ದನೆಯ, ತುಂಡಾಗದ ಕತ್ತಲೆ ಬೇಕು. ಹಗಲು ಚಿಕ್ಕದಾಗಿ ರಾತ್ರಿ ದೊಡ್ಡದಾದಾಗ, ಚಳಿಗಾಲ ಬಂತು ಅಂತ ಎಲೆಗಳು ಅಳೆದು ತಿಳಿದುಕೊಳ್ಳುತ್ತವೆ, ಆಮೇಲೆ ಮೊಗ್ಗು. ನಡುರಾತ್ರಿ ಒಂದಷ್ಟು ಹೊತ್ತು ಬೆಳಕು ಬಿದ್ರೂ ಸಾಕು, ಗಿಡ ಇದನ್ನ ಬೇಸಿಗೆ ಅಂದುಕೊಂಡು ಎಲೆ ಬೆಳೆಸ್ತಾ ಕೂರುತ್ತೆ. ಇದು ಹೂವಿನ ರೈತರಿಗೆ ಚೆನ್ನಾಗಿ ಗೊತ್ತು. ರಾತ್ರಿ ಬೆಂಗಳೂರಿಂದ ಚಿಕ್ಕಬಳ್ಳಾಪುರದ ಕಡೆ ಡ್ರೈವ್ ಹೋದವರು ಹೊಲದ ತುಂಬಾ ಬಲ್ಬ್ ಉರಿಯೋದನ್ನ ನೋಡಿರ್ತೀರಿ, ಮದುವೆ ಮಂಟಪ ಅಂದುಕೊಂಡು ಫೋಟೋನೂ ತೆಗೆದಿರ್ತೀರಿ. ಅದು ಸೇವಂತಿಗೆ ಹೊಲ. ಮೊಗ್ಗು ಬೇಗ ಬರದೆ ದಂಟು ಮೊದಲು ಉದ್ದ ಬೆಳೀಲಿ ಅಂತ ಬೇಕಂತಲೇ ಹಾಕಿದ ದೀಪ. ಆದ್ರೆ ಅವರು ಲೆಕ್ಕ ಹಾಕಿ ಆ ದೀಪ ನಿಲ್ಲಿಸ್ತಾರೆ, ಆಮೇಲೆ ಹೂ ಬರುತ್ತೆ. ನಾವು ನಿಲ್ಲಿಸಲ್ಲ.

ಈಗ ನಮ್ಮ ಆ ಮಂತ್ರಕ್ಕೆ ಬರೋಣ: "ಎಲ್ಇಡಿ ಕರೆಂಟೇ ತಿನ್ನಲ್ಲ."

ತಿನ್ನುತ್ತೆ, ಸ್ವಲ್ಪ. ನೂರು ದೀಪದ ಒಂದು ಸರಕ್ಕೆ ಆರು ವ್ಯಾಟ್ ಅಂತ ಇಟ್ಕೊಳ್ಳಿ. ಹತ್ತು ಸರಕ್ಕೆ 60 ವ್ಯಾಟ್. ಸಂಜೆ ಆರರಿಂದ ಬೆಳಗ್ಗೆ ಆರರ ತನಕ ಉರಿದ್ರೆ ತಿಂಗಳಿಗೆ ಸುಮಾರು 22 ಯೂನಿಟ್. ನಿಮ್ಮ ಗೀಸರ್ ಮುಂದೆ ಇದು ಏನೂ ಅಲ್ಲ. ಆದ್ರೆ ಕುಂದಗೋಳದ ಒಂದು ಸಾಧಾರಣ ಮನೆಯ ಸರಾಸರಿ 60 ಯೂನಿಟ್ ಆಗಿದ್ರೆ, 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಅವರಿಗೆ ಪುಕ್ಕಟೆ ಸಿಗೋದು ಸರಾಸರಿಯ ಮೇಲೆ ಹತ್ತು ಪರ್ಸೆಂಟ್, ಅಂದ್ರೆ 66. 200 ಯೂನಿಟ್ ತನಕ ಎಲ್ಲರಿಗೂ ಫ್ರೀ ಅಂತ ನಾವು ಇಲ್ಲಿ ಕೂತು ಮಾತಾಡ್ತೀವಿ. ಅಲ್ಲಿ ಸೊನ್ನೆ ಬಿಲ್ ಬರ್ತಿದ್ದ ಮನೆಗೆ ನಮ್ಮ ಗಿಫ್ಟಿನಿಂದ ಬಿಲ್ ಬರೋಕೆ ಶುರು ಆಗುತ್ತೆ. ನಮ್ಮವ್ವ ನನಗೆ ಅದನ್ನೂ ಹೇಳಿರಲಿಲ್ಲ.

ಆದ್ರೂ ದುಡ್ಡು ನನ್ನ ತಕರಾರಲ್ಲ. ಅಗ್ಗ ಆಯ್ತು ಅನ್ನೋದೇ ತಕರಾರು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ ಜೊತೆ ಕೆಲಸ ಮಾಡ್ತಿದ್ದ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ 80 ವಿದ್ಯುತ್ ಬಲ್ಬ್ ಕಟ್ಟಿದಾಗ ಅದು ಪೇಪರಲ್ಲಿ ಬರೆಯೋ ಸುದ್ದಿ. ಬೆಂಗಳೂರಿಗೆ ಶಿವನಸಮುದ್ರದ ಕರೆಂಟ್ ಬಂದಿದ್ದೇ 1905ರಲ್ಲಿ. ನಾನು ಚಿಕ್ಕವನಿದ್ದಾಗಿನ ಸೀರಿಯಲ್ ಸೆಟ್ ನೆನಪಿದೆಯಾ? ಆರು ವೋಲ್ಟಿನ ಸಣ್ಣ ಬಲ್ಬು ನಲವತ್ತರ ಹತ್ರ, ಒಂದರ ಹಿಂದೆ ಒಂದು. ಒಂದು ಸತ್ರೆ ಪೂರ್ತಿ ಸರ ಸತ್ತ ಹಾಗೆ. ಕಾಕಾ ಸ್ಟೂಲ್ ಮೇಲೆ ನಿಂತು ಒಂದೊಂದೇ ತೆಗೆದು ಹಾಕಿ ನೋಡ್ತಿದ್ದ. ಆ ಬಲ್ಬು ಮುಟ್ಟಿದ್ರೆ ಬಿಸಿ, ಬಿಸಿ ಅಂದ್ರೆ ಭಯ, ಭಯ ಇದ್ದಿದ್ದಕ್ಕೆ ಮಲಗೋ ಮುಂಚೆ ಯಾರಾದ್ರೂ ಒಬ್ರು ಎದ್ದು ಸ್ವಿಚ್ ಆರಿಸ್ತಿದ್ರು. ನೀಲಿ ಎಲ್ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಾಮುರಾಗೆ 2014ರಲ್ಲಿ ನೊಬೆಲ್ ಬಂತು, ಬರಲೇಬೇಕಿತ್ತು. ಅವರಿಂದ ಬಿಳಿ ಬೆಳಕು ಅಗ್ಗ ಆಯ್ತು, ತಣ್ಣಗಾಯ್ತು. ಆ ಭಯ ಹೋದದ್ದರ ಜೊತೆಗೆ ಎದ್ದು ಹೋಗಿ ಆರಿಸೋ ಮನುಷ್ಯನೂ ಹೋದ.

ಇಷ್ಟು ಹೇಳಿದ ತಕ್ಷಣ ಮೀಟಿಂಗಲ್ಲಿ ಒಬ್ರು ಹೇಳೇ ಹೇಳ್ತಾರೆ: "ಹಬ್ಬಕ್ಕೂ ರೂಲ್ಸಾ? ಕ್ರಿಸ್‌ಮಸ್ಸಿಗೆ ಮಾತ್ರ ಯಾಕೆ ಪರಿಸರ ನೆನಪಾಗುತ್ತೆ?" ಇನ್ನೊಬ್ರು ದೀಪಾವಳಿಗೆ ಇದೇ ಮಾತು ಹೇಳಿರ್ತಾರೆ. ಸ್ವಾಮಿ, ನನಗೆ ಎರಡೂ ಹಬ್ಬ ಬೇಕು. ಹುಬ್ಬಳ್ಳಿಯಲ್ಲಿ ಬಾಸೆಲ್ ಮಿಷನ್ ಬಂದಿದ್ದು 1839ರಲ್ಲಿ, ಕ್ರಿಸ್‌ಮಸ್ ನಮ್ಮ ಕಡೆಗೆ ಮಾಲ್ ಜೊತೆ ಬಂದಿದ್ದಲ್ಲ. ಡಿಸೆಂಬರಿನಲ್ಲಿ ಕೇಶ್ವಾಪುರದ ಕಡೆ ಒಂದು ಸುತ್ತು ಹೋಗಿ. ಮನೆ ಮುಂದೆ ಕಾಗದದ ಒಂದು ನಕ್ಷತ್ರ, ಒಳಗೆ ಒಂದೇ ಬಲ್ಬು. ಅದರ ಕೆಲಸ ದಾರಿ ತೋರಿಸೋದು, ಬೆತ್ಲೆಹೇಮಿನ ನಕ್ಷತ್ರದ ಹಾಗೆ. ದೀಪಾವಳಿಯ ಆಕಾಶಬುಟ್ಟಿಯದೂ ಹೆಚ್ಚು ಕಡಿಮೆ ಅದೇ ಕೆಲಸ. ಸುತ್ತ ಕತ್ತಲೆ ಇರೋದಕ್ಕೇ ಅವೆರಡೂ ಕಾಣೋದು. ನೂರು ಮೀಟರ್ ಸರದ ನಡುವೆ ಒಂದು ನಕ್ಷತ್ರ ಕಟ್ಟಿ ನೋಡಿ, ಕಾಣುತ್ತಾ?

ನಮ್ಮ ಊರಿನ ಹೆಸರು ಹೊರಗಿನವರಿಗೆ ಗೊತ್ತಿರೋದು ಸವಾಯಿ ಗಂಧರ್ವರಿಂದ, ಅವರ ಹತ್ರ ಕಲಿತ ಭೀಮಸೇನ ಜೋಶಿಯವರಿಂದ. ಕಿರಾನಾದವರು ಒಂದು ಸ್ವರ ಹಚ್ಚಿ ಅದರ ಮೇಲೇ ಎಷ್ಟೋ ಹೊತ್ತು ನಿಲ್ಲೋರು. ತಾನು ಬರುತ್ತೆ, ಆದ್ರೆ ಅದರ ಜಾಗದಲ್ಲಿ ಬರುತ್ತೆ. ಎಂಟು ಮೋಡಿನ ಮಿಣುಕು ಸರ ಅಂದ್ರೆ ಷಡ್ಜ ಹಚ್ಚದೇ ಮೊದಲ ನಿಮಿಷದಿಂದ ಬೆಳಗಿನ ತನಕ ದ್ರುತ್ ತಾನು. ಕುಂದಗೋಳದಲ್ಲಿ ಹುಟ್ಟಿದವನು ಅದನ್ನ ಮನೆಗೆ ಕಟ್ಟಿದ್ದು ನನಗೆ ಈಗಲೂ ನಾಚಿಕೆ.

ಹಾಗಾದ್ರೆ ಏನು ತಗೋಬೇಕು? ಲೈಟಿಗೆ ಮುಂಚೆ ಟೈಮರ್ ತಗೊಳ್ಳಿ. ಪ್ಲಗ್ಗಿಗೆ ಸಿಗಿಸೋ ಟೈಮರ್ ಒಂದು ಒಳ್ಳೆ ಊಟದ ಬೆಲೆಗೆ ಸಿಗುತ್ತೆ, ಹತ್ತಕ್ಕೆ ಆಫ್ ಅಂತ ಒಂದು ಸಲ ಹೇಳಿದ್ರೆ ದಿನಾ ಕೇಳುತ್ತೆ. ಆಮೇಲೆ ಬಣ್ಣ. ಡಬ್ಬಿ ಮೇಲೆ 2700 ಕೆಲ್ವಿನ್ ಅಂತಿದ್ರೆ ಹಣತೆಯ ಹತ್ತಿರದ ಹಳದಿ, 6500 ಅಂತಿದ್ರೆ ಆಸ್ಪತ್ರೆ ಕಾರಿಡಾರ್. ಅದರಲ್ಲಿ ನೀಲಿ ಜಾಸ್ತಿ, ಹುಳ ಮುತ್ತೋದೂ ಜಾಸ್ತಿ. ಮನೆ ಹೊರಗೆ ಹಾಕೋದಾದ್ರೆ ಡಬ್ಬಿ ಮೇಲೆ ಐಪಿ44 ಅಥವಾ ಅದಕ್ಕಿಂತ ಮೇಲಿನ ನಂಬರ್ ನೋಡಿ, ಎರಡನೇ ಅಂಕಿ ನೀರಿನದು. ನೇರ 230 ವೋಲ್ಟಿಗೆ ಸಿಗಿಸೋ, ತುದಿಗೆ ವೈರ್ ಬೆತ್ತಲೆ ಬಿಟ್ಟಿರೋ ಸರವನ್ನ ಮಕ್ಕಳು ನೀರು ಬಿಡೋ ತೋಟಕ್ಕೆ ದಯವಿಟ್ಟು ಹಾಕಬೇಡಿ. ಅಡಾಪ್ಟರ್ ಇರೋ ಕಡಿಮೆ ವೋಲ್ಟಿನದು ಸ್ವಲ್ಪ ದುಬಾರಿ, ಆದ್ರೂ ಅದೇ ಸರಿ. ಮರಕ್ಕೆ ಮೊಳೆ ಬೇಡ, ಸ್ಟೇಪಲ್ ಬೇಡ, ಬಿಗಿಯಾಗಿ ಸುತ್ತಿ ವರ್ಷಗಟ್ಟಲೆ ಮರೆಯೋದೂ ಬೇಡ. ಇನ್ನೂ ನಿಜ ಹೇಳಬೇಕಂದ್ರೆ, ಗಿಡಮರಕ್ಕೆ ಲೈಟೇ ಬೇಡ. ಬಾಗಿಲಿಗೆ, ಮೆಟ್ಟಿಲಿಗೆ, ಬರೋರು ಕಾಲಿಡೋ ಜಾಗಕ್ಕೆ ಹಾಕಿ. ಸೇವಂತಿಗೆ ತನ್ನ ಅಲಂಕಾರ ತಾನೇ ಮಾಡ್ಕೊಳ್ಳುತ್ತೆ.

ಕನ್ನಡದಲ್ಲಿ 'ಆರಿಸು' ಅಂದ್ರೆ ಆಯ್ಕೆ ಮಾಡು ಅಂತಲೂ ಹೌದು, ನಂದಿಸು ಅಂತಲೂ ಹೌದು. ಅಂಗಡಿಯಲ್ಲಿ ದೀಪ ಆರಿಸೋಕೆ ಎರಡು ಗಂಟೆ ಕೊಡೋ ನಾವು ಮನೆಯಲ್ಲಿ ದೀಪ ಆರಿಸೋಕೆ ಎರಡು ಸೆಕೆಂಡ್ ಕೊಡಲ್ಲ. ಇದನ್ನ ಅವ್ವನಿಗೆ ಹೇಳಿದೆ, ಭಾರಿ ಜಾಣ ಮಾತು ಅಂದುಕೊಂಡು. ಅವಳು ಗದರಿದಳು. "ಹಬ್ಬದಾಗ ದೀಪ ಆರ್ಸೂದು ಅನ್ನಬಾರದು. ಶಾಂತ ಮಾಡೂದು ಅನ್ನಬೇಕು."

ಹೋದ ದೀಪಾವಳಿಗೆ ಎರಡೇ ಸರ, ಬಾಗಿಲ ಮೇಲೆ ಮಾತ್ರ. ಹತ್ತು ಗಂಟೆಗೆ ಟೈಮರ್ ಟಕ್ ಅಂತು. ಅವ್ವ ತುಳಸಿಕಟ್ಟೆಯಲ್ಲಿ ಇಟ್ಟಿದ್ದ ಹಣತೆ ಅದಕ್ಕೂ ಮುಂಚೆಯೇ, ಎಣ್ಣೆ ಮುಗಿದು, ತಾನಾಗೇ ಶಾಂತ ಆಗಿತ್ತು. ಮಾರ್ಗಶಿರದ ಹೊತ್ತಿಗೆ ಸೇವಂತಿಗೆ ಸಾಲು ಪೂರ್ತಿ ಹಳದಿ. ಚರಗದ ಬುಟ್ಟಿ ತುಂಬಿ, ಪಕ್ಕದ ಮನೆಯವರಿಗೂ ಹೋಯ್ತು.

ಈ ಶನಿವಾರ ಮತ್ತೆ ಅಸೋಸಿಯೇಷನ್ ಮೀಟಿಂಗ್ ಇದೆ. ಹತ್ತಕ್ಕೆ ಆಫ್, ಹೊಂಗೆ ಮರಕ್ಕೆ ಸರ ಬೇಡ ಅಂತ ಬರೆದು ಕೊಟ್ಟಿದ್ದೀನಿ. ಇಲ್ಲಿ ತನಕ ಮೂರು ವೋಟ್ ಸಿಕ್ಕಿದೆ, ಒಂದು ನಂದು, ಒಂದು ವಾಚ್‌ಮನ್ ಕ್ಯಾಬಿನ್ ಎದುರಿನ ಗ್ರೌಂಡ್ ಫ್ಲೋರ್ ಅಜ್ಜಿದು. ರಾತ್ರಿ ಪರದೆ ಎಳೆದ್ರೂ ಆ ಹಸಿರು ಲೇಸರ್ ಅವರ ಗೋಡೆ ಮೇಲೆ ಓಡಾಡುತ್ತಂತೆ.