ನಾಲ್ಕನೇ ಕ್ಲಾಸಿನ ಗತಿ ಕೇಳುವವರು ಯಾರು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಊರಿಗೆ ಊರೇ ಮಾತಾಡುತ್ತದೆ. ಜಿಲ್ಲೆಗೆ ಎಷ್ಟನೇ ಸ್ಥಾನ, ಯಾರ ಮಗ ಎಷ್ಟು ತೆಗೆದ, ಯಾವ ಶಾಲೆ ಸೊನ್ನೆ ಸುತ್ತಿತು ಎಂದು ಸಂತೆಪೇಟೆಯ ಅಂಗಡಿಗಳಿಂದ ನಂಜನಗೂಡು ಬಸ್ಸಿನವರೆಗೆ ಅದೇ ಚರ್ಚೆ. ಹತ್ತನೇ ಕ್ಲಾಸಿನಲ್ಲಿ ಬಿದ್ದ ಹುಡುಗ ಅಲ್ಲೇ ಬಿದ್ದನೆಂದು ನಾವು ತಿಳಿದಿದ್ದೇವೆ. ಅಲ್ಲ ಸ್ವಾಮಿ, ಅನೇಕರು ಎಡವುವುದು ನಾಲ್ಕನೇ ಕ್ಲಾಸಿನಲ್ಲೇ. ಅದು ನಮಗೆ ಗೊತ್ತಾಗುವುದು ಮಾತ್ರ ಆರು ವರ್ಷ ತಡವಾಗಿ.

ಹಿಂದೆ ನಾಲ್ಕನೇ ಕ್ಲಾಸಿಗೆ ಒಂದು ತೂಕವಿತ್ತು. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಐದನೆಯದಕ್ಕೆ ಎಷ್ಟೋ ಮಕ್ಕಳು ಬೇರೆ ಊರಿಗೆ ನಡೆಯಬೇಕಿತ್ತು. ‘ನಾಲ್ಕನೇ ಕ್ಲಾಸು ಓದಿದ್ದೇನೆ’ ಎಂದರೆ ಕಾಗದ ಓದಬಲ್ಲ, ಲೆಕ್ಕ ಬರೆಯಬಲ್ಲ ಎಂದು ಜನ ನಂಬುತ್ತಿದ್ದರು. ಈಗ ಅದು ನಡುವಿನ ಒಂದು ಮೆಟ್ಟಿಲು ಅಷ್ಟೆ. ಪಬ್ಲಿಕ್ ಪರೀಕ್ಷೆ ಇಲ್ಲ, ಫೇಲು ಮಾಡುವಂತಿಲ್ಲ. ಫೇಲು ಮಾಡಿ ಎಂದು ನಾವು ಹೇಳುತ್ತಲೂ ಇಲ್ಲ. ಆದರೆ ಮುಂದಿನ ಕ್ಲಾಸಿಗೆ ಹೋದ ಮಾತ್ರಕ್ಕೆ ಪಾಠ ಬಂತೆಂದು ಅರ್ಥವೇ?

ಮನೆಯಲ್ಲಿ ನಾಲ್ಕನೇ ಕ್ಲಾಸಿನ ಮಗುವಿದ್ದರೆ ಇವತ್ತು ರಾತ್ರಿ ಅದರ ಚೀಲ ತೆರೆದು ನೋಡಿ. ಸರ್ಕಾರಿ ಕನ್ನಡ ಶಾಲೆಯ ಮಗುವಿಗೆ ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಂಬ ನಾಲ್ಕು ವಿಷಯಗಳಿವೆ. ಗಣಿತದಲ್ಲಿ ನಾಲ್ಕಂಕಿಯ ಸಂಖ್ಯೆ, ಗುಣಾಕಾರ, ಭಾಗಾಕಾರ, ಭಿನ್ನರಾಶಿ, ಹಣ, ತೂಕ, ಅಳತೆ, ಕಾಲ ಎಲ್ಲವೂ ಇದೆ. ಪರಿಸರದಲ್ಲಿ ಗಿಡದ ಬೇರಿನಿಂದ ಹಿಡಿದು ನೀರು, ಊಟ, ಕಸ, ನಮ್ಮ ದೇಹ, ದಿಕ್ಕು, ನಕ್ಷೆಯವರೆಗೆ ಪಾಠಗಳಿವೆ. ಆರನೇ ಕ್ಲಾಸಿನಲ್ಲಿ ವಿಜ್ಞಾನ, ಸಮಾಜ ಎಂದು ಎರಡು ದಾರಿ ಹಿಡಿಯುವುದು ಇದೇ ಪರಿಸರ ಪಾಠ. ಕನ್ನಡದಲ್ಲಿ ಬರೀ ಅಕ್ಷರ ಕೂಡಿಸಿ ಓದಿದರೆ ಸಾಲದು, ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳಬೇಕು, ಬರೆಯಬೇಕು.

ಇದೇನು ಮಹಾ ಎನ್ನಬೇಡಿ. ಕೆ.ಜಿ.ಗೆ 48 ರೂಪಾಯಿಯ ಪದಾರ್ಥ ಕಾಲು ಕೆ.ಜಿ.ಗೆ ಎಷ್ಟು? ಅಂಗಡಿಯವರು ಕಣ್ಣು ಮುಚ್ಚಿಕೊಂಡು 12 ಎನ್ನುತ್ತಾರೆ. ಮಗುವಿಗೆ ಈ ಒಂದು ಲೆಕ್ಕದೊಳಗೆ ಭಿನ್ನರಾಶಿ, ಭಾಗಾಕಾರ, ತೂಕ, ದುಡ್ಡು ನಾಲ್ಕೂ ಅಡಗಿವೆ. ಇನ್ನೊಂದು: 10.40ಕ್ಕೆ ಹೊರಟ ಬಸ್ಸು 11.25ಕ್ಕೆ ತಲುಪಿತು, ಎಷ್ಟು ಹೊತ್ತಾಯಿತು? ಗಂಟೆಗೆ ಅರವತ್ತು ನಿಮಿಷ ಎಂಬುದು ತಲೆಗೆ ಹೋಗದ ಮಗು 1125ರಲ್ಲಿ 1040 ಕಳೆದು ‘85 ನಿಮಿಷ’ ಎನ್ನುತ್ತದೆ. ಅದಕ್ಕೆ ಕಳೆಯುವುದು ಬರುತ್ತದೆ, ಕಾಲ ಬರುವುದಿಲ್ಲ. ಹಾಗೆಯೇ ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳದ ಮಗುವಿಗೆ ಮಗ್ಗಿ ಬಾಯಿಪಾಠವಿದ್ದೂ ಲೆಕ್ಕ ಬಾರದು. ಒಂದು ಕನ್ನಡ ಕೈಕೊಟ್ಟರೆ ಗಣಿತವೂ ಹೋಯಿತು, ಪರಿಸರವೂ ಹೋಯಿತು!

ಎಡವುವುದು ಇಲ್ಲೇ ಏಕೆ? ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ‘ನಲಿ-ಕಲಿ’ ಪದ್ಧತಿ ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಇದು ನಾವು ಹೆಮ್ಮೆಪಡುವ ಸಂಗತಿಯೇ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು, ಹಾಡುತ್ತ ಆಡುತ್ತ ಕಲಿಯುತ್ತಾರೆ. ಮಗು ಜ್ವರ ಬಂದು ನಾಲ್ಕು ದಿನ ತಪ್ಪಿಸಿಕೊಂಡರೆ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ನಾಲ್ಕನೇ ಕ್ಲಾಸಿಗೆ ಕಾಲಿಟ್ಟ ಕೂಡಲೇ ಆ ಏಣಿ ಇಲ್ಲ. ಪುಸ್ತಕ, ಪಾಠ, ಪ್ರಶ್ನೋತ್ತರ. ಮಗು ಬರಲಿ ಬಿಡಲಿ, ಪುಸ್ತಕ ಮುಂದೆ ಹೋಗುತ್ತದೆ. ಒಂದು ಬೇಸಿಗೆ ರಜೆ ಕಳೆಯುವಷ್ಟರಲ್ಲಿ ಇಷ್ಟು ದೊಡ್ಡ ಬದಲಾವಣೆ! ಒಂಬತ್ತು ವರ್ಷದ ಕೂಸು ತಡಬಡಾಯಿಸಿದರೆ ಅದು ದಡ್ಡನೇ?

ಇದಕ್ಕೆ ಮೇಷ್ಟ್ರುಗಳನ್ನಷ್ಟೇ ಬೈದು ಪ್ರಯೋಜನವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಒಬ್ಬರು ನಲಿ-ಕಲಿ ನೋಡಿಕೊಂಡರೆ ಇನ್ನೊಬ್ಬರ ಪಾಲಿಗೆ ನಾಲ್ಕು ಮತ್ತು ಐದು, ಅಂದರೆ ಎರಡು ಕ್ಲಾಸಿನ ಎಲ್ಲಾ ವಿಷಯ. ಅವರನ್ನೂ ಸಭೆಗೋ ಪಟ್ಟಿ ತುಂಬುವುದಕ್ಕೋ ಎಳೆದುಕೊಂಡು ಹೋದರೆ ಪಾಠ ಮಾಡುವವರು ಯಾರು? ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಣಕ್ಕೆ ಸಂಬಂಧವಿಲ್ಲದ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಅದೇ ಕಾಯ್ದೆಯ 27ನೇ ಕಲಮು ಹೇಳುತ್ತದೆ. ಕಾಯ್ದೆ ಕಾಗದದ ಮೇಲೆ ಕೂತರೆ ಸಾಲದು.

‘ನಮ್ಮ ಮಗು ಕಾನ್ವೆಂಟಿಗೆ ಹೋಗುತ್ತೆ, ನಮಗೇನು’ ಎನ್ನುವವರಿಗೂ ಒಂದು ಮಾತು. ಇಂಗ್ಲಿಷಿನಲ್ಲಿ ಒಂದು ಪುಟ ಪಟಪಟನೆ ಓದಿಸಿ, ಆಮೇಲೆ ಪುಸ್ತಕ ಮುಚ್ಚಿ ‘ಏನಂತಪ್ಪಾ ಇದರಲ್ಲಿ?’ ಎಂದು ಮನೆಮಾತಿನಲ್ಲೇ ಕೇಳಿ. ಉತ್ತರ ಬರದಿದ್ದರೆ ನೀವು ಫೀಜು ಕಟ್ಟಿದ್ದು ಗಿಳಿಪಾಠಕ್ಕೆ.

ನಾವು ಕೇಳುವುದು ದೊಡ್ಡದೇನಲ್ಲ. ಶಾಲೆ ತೆರೆದ ಮೊದಲ ತಿಂಗಳು ನಾಲ್ಕನೇ ಕ್ಲಾಸಿನಲ್ಲಿ ಹೊಸ ಪಾಠಕ್ಕೆ ಅವಸರ ಬೇಡ. ಪ್ರತಿ ಮಗುವಿನಿಂದ ಒಂದು ಪುಟ ಓದಿಸಿ, ಒಂದು ಲೆಕ್ಕ ಮಾಡಿಸಿ, ಹಿಂದುಳಿದವರನ್ನು ಕೈಹಿಡಿದು ತನ್ನಿ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಶಾಲೆಗೆ ಹೋದಾಗ ದಾಖಲೆ ಪುಸ್ತಕದ ಜತೆಗೆ ಮಗುವಿನ ಬಾಯಿಂದಲೂ ಎರಡು ಸಾಲು ಕೇಳಲಿ. ಎಸ್.ಡಿ.ಎಂ.ಸಿ. ಸದಸ್ಯರು ಕಾಂಪೌಂಡಿನ ಬಣ್ಣದ ಜತೆ ಇದನ್ನೂ ಚರ್ಚಿಸಲಿ.

ಇನ್ನು ನಾವು ನೀವು. ಅಂಗಡಿಗೆ ಬಂದ ಹುಡುಗನ ಕೈಲೇ ಚಿಲ್ಲರೆ ಲೆಕ್ಕ ಹಾಕಿಸಿ. ತಪ್ಪಿದರೆ ನಗಬೇಡಿ, ಇನ್ನೊಮ್ಮೆ ಹೇಳಿಸಿ. ಬಸ್ಸಿನಲ್ಲಿ ಪಕ್ಕ ಕೂತ ಮಗುವಿಗೆ ಬೋರ್ಡು ಓದಲು ಹೇಳಿ, ಚಾಮುಂಡಿ ಬೆಟ್ಟ ಯಾವ ದಿಕ್ಕಿಗೆ ಎಂದು ಕೇಳಿ, ಮನೆಯ ನಲ್ಲಿಗೆ ಕಾವೇರಿ, ಕಬಿನಿ ನೀರು ಬರುವ ದಾರಿ ಹೇಳಿ. ಇದಕ್ಕೆ ಕಾಸು ಖರ್ಚಿಲ್ಲ, ಸರ್ಕಾರದ ಆದೇಶವೂ ಬೇಕಿಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮಕ್ಕಳಿಗೆ ಗಾದೆ ಹೇಳುತ್ತೇವೆ. ಗಿಡಕ್ಕೆ ನೀರು ಹಾಕದೆ ಹತ್ತನೇ ಕ್ಲಾಸಿನಲ್ಲಿ ಹಣ್ಣು ಎಲ್ಲಿ ಎಂದು ಕೇಳುವ ಹಕ್ಕು ನಮಗಿದೆಯೇ? ಸಂಬಂಧಪಟ್ಟವರು ಯೋಚಿಸಲಿ. ಇದರಲ್ಲಿ ಸಂಬಂಧಪಡದವರು ಯಾರೂ ಇಲ್ಲ.