ಊಟಿಯ ಗುಡ್ಡದಲ್ಲಿ ಎರಡು ಕೊಳಗ

ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಊಟಿಯಲ್ಲಿ ಎರಡನೆಯ ಸೀಸನ್ನು. ಮುಂಗಾರು ಹಿಂದೆ ಸರಿದು ಹಿಂಗಾರು ಇನ್ನೂ ಹಿಡಿಯದ ಆ ಕೆಲವು ವಾರ ಗುಡ್ಡವೆಲ್ಲ ಹಸಿರು, ಬಿಸಿಲು ಹಿತ. ದಸರಾ ರಜೆಗೆ ನಮ್ಮವರೂ ಹೋಗುತ್ತಾರೆ. ಮೈಸೂರಿನಿಂದ ಬಸ್ಸು ಹಿಡಿದು, ಕೆರೆಯನ್ನೂ ಸಸ್ಯೋದ್ಯಾನವನ್ನೂ ನೋಡಿ, ಮಕ್ಕಳಿಗೊಂದು ಉಣ್ಣೆಯ ಟೋಪಿ ಕೊಂಡು, ಬಂಡೀಪುರದ ಗೇಟು ಹಾಕುವ ಮೊದಲೇ ಇಳಿದು ಬರುತ್ತಾರೆ.

ಅದೇ ಬಿಸಿಲಿನಲ್ಲಿ ಇನ್ನು ಕೆಲವರು ಫಿಂಗರ್ ಪೋಸ್ಟಿನ ಬಳಿ ಜಿಮ್‌ಖಾನಾ ಕ್ಲಬ್ಬಿನ ಮೈದಾನದಲ್ಲಿ ಗಾಲ್ಫ್ ಆಡುತ್ತಾರೆ. ಆಟ ಇಷ್ಟೆ: 46 ಗ್ರಾಂ ಮೀರದ ಚೆಂಡನ್ನು ಕೋಲಿನಿಂದ ಹೊಡೆದು ನಾಲ್ಕೂಕಾಲು ಅಂಗುಲದ ಗುಳಿಗೆ ಬೀಳಿಸಬೇಕು. ಇಂಥ ಗುಳಿಗಳು 18. ನಮ್ಮ ಓಣಿಯ ಹುಡುಗರು ಗೋಲಿ ಹೊಡೆದು ಗುಳಿ ತುಂಬುವುದಕ್ಕೂ ಇದಕ್ಕೂ ತತ್ವದಲ್ಲಿ ಭೇದವೇನೂ ಕಾಣದು. ಓಣಿಯ ಆಟಕ್ಕೆ ನಾಲ್ಕು ಮೊಳ ಜಾಗ ಸಾಕು, ಊಟಿಯ ಆಟಕ್ಕೆ 190 ಎಕರೆಗೂ ಹೆಚ್ಚು ಬೇಕು. ಆಟದ ಮೇಲೆ ನಮಗೆ ಹಗೆಯಿಲ್ಲ. ನಾವು ಕೇಳುವುದು ನೆಲದ ಲೆಕ್ಕ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಏಕೆ ಎದ್ದರೆಂಬುದು ಈ ಪತ್ರಿಕೆಯ ಓದುಗರಿಗೆ ಗೊತ್ತು. ಧಣಿಗಳು ಗೇಣಿ ಅಳೆಯಲು ದೊಡ್ಡ ಕೊಳಗ ಇಟ್ಟುಕೊಂಡಿದ್ದರು. ಆ ಮೋಸವನ್ನು ಪ್ರಶ್ನಿಸಿದ ರೈತರು ಜೈಲು ಕಂಡರು, ಡಾ. ಲೋಹಿಯಾ ಅವರೂ ಅಲ್ಲಿ ಬಂಧಿತರಾದರು. ಅಂಥದೇ ಎರಡು ಕೊಳಗ ಊಟಿಯ ಸರ್ಕಾರಿ ಕಚೇರಿಗಳಲ್ಲಿಯೂ ಉಂಟು.

2021ರ ಆಗಸ್ಟ್‌ನಲ್ಲಿ ಊಟಿಯ ಪುರಸಭಾ ಮಾರುಕಟ್ಟೆಯಲ್ಲಿ ಬಾಡಿಗೆ ಬಾಕಿಯೆಂದು ನೂರಾರು ಅಂಗಡಿಗಳಿಗೆ ಬೀಗಮುದ್ರೆ ಹಾಕಿದರು. ಕೋವಿಡ್‌ನ ಎರಡನೆಯ ಅಲೆ ಇಳಿದು ವ್ಯಾಪಾರ ಆಗತಾನೆ ತಲೆಯೆತ್ತುತ್ತಿದ್ದ ಹೊತ್ತು. ತರಕಾರಿ ಮಾರುವವ, ದಿನಸಿ ತೂಗುವವ, ಎಲ್ಲರೂ ಬೀದಿಯಲ್ಲಿ ನಿಂತರು. ಅದೇ ಊರಿನ ಕುದುರೆ ಪಂದ್ಯದ ಮೈದಾನವನ್ನು ನೋಡಿ. ಸರ್ಕಾರದ 52 ಎಕರೆ ನೆಲ. ಮದರಾಸಿನ ರೇಸ್ ಕ್ಲಬ್ಬು 2001ರಿಂದ ಬಾಡಿಗೆ ಕಟ್ಟಿಲ್ಲ, ಬಾಕಿ 822 ಕೋಟಿ ರೂಪಾಯಿ ಎಂದು ಸರ್ಕಾರವೇ ಲೆಕ್ಕ ಹೇಳಿತು. ಆ ನೆಲವನ್ನು ವಶಕ್ಕೆ ತೆಗೆದುಕೊಂಡದ್ದು ಯಾವಾಗ? 2024ರ ಜುಲೈನಲ್ಲಿ! ಅಂಗಡಿಯವನಿಗೆ ಇಂಥ ಸಾವಧಾನ ತೋರಿದ ಅಧಿಕಾರಿಯನ್ನು ನಮ್ಮ ಸಣ್ಣ ವ್ಯಾಪಾರಿ ಬಂಧುಗಳು ಯಾರಾದರೂ ಕಂಡಿದ್ದರೆ ತಿಳಿಸಬೇಕು.

ಈ ನೆಲ ಮೊದಲು ಯಾರದು? ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲು. 1819ರಲ್ಲಿ ಬೆಟ್ಟ ಹತ್ತಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಎಕರೆಗೆ ಒಂದು ರೂಪಾಯಿಯಂತೆ ತೋಡರಿಂದ ನೆಲ ಕೊಂಡನೆಂದು ಹೇಳುತ್ತಾರೆ. ಆಮೇಲೆ ಬಂದ ದೊರೆಗಳು ಹುಲ್ಲುಗಾವಲಿಗೆ ಮದರಾಸಿನ ಗವರ್ನರ್ ವೆನ್ಲಾಕನ ಹೆಸರಿಟ್ಟರು, ತಮ್ಮ ದೇಶದ ಗಾರ್ಸ್ ಎಂಬ ಹಳದಿ ಹೂವಿನ ಮುಳ್ಳುಗಿಡವನ್ನೂ ತಂದರು. ದೊರೆಗಳು 1947ರಲ್ಲಿ ಹಡಗು ಹತ್ತಿದರು. ಮುಳ್ಳೂ ಕ್ಲಬ್ಬೂ ಇಲ್ಲೇ ಉಳಿದವು.

ಕ್ಲಬ್ಬಿನಿಂದ ಗುಡ್ಡ ಹಸಿರಾಗಿ ಉಳಿದಿದೆ, ಜನರಿಗೆ ಕೆಲಸ ಸಿಕ್ಕಿದೆ ಎಂದು ವಾದಿಸುವವರುಂಟು. ಹಸಿರಂತೂ ಕ್ಲಬ್ಬು ಹುಟ್ಟುವ ಮೊದಲೇ ಇತ್ತು. ನೀಲಗಿರಿಯ ಶೋಲಾ ಕಾಡು ಮತ್ತು ಹುಲ್ಲುಗಾವಲು ಮಳೆಯನ್ನು ಹೀರಿಟ್ಟುಕೊಂಡು ಹಳ್ಳಗಳಿಗೆ ಬಿಡುತ್ತಿದ್ದುದಕ್ಕೆ ಯಾರ ಸದಸ್ಯತ್ವವೂ ಬೇಕಾಗಿರಲಿಲ್ಲ. ಕೆಲಸದ ಮಾತಿಗೆ ಬಂದರೆ, ಗಾಲ್ಫಿನಲ್ಲಿ ಆಟಗಾರನ ಹಿಂದೆ ಚೀಲ ಹೊತ್ತು ನಡೆಯುವವನಿಗೆ ಕ್ಯಾಡಿ ಎನ್ನುತ್ತಾರೆ. ಒಂದು ಚೀಲದಲ್ಲಿ 14 ಕೋಲಿನವರೆಗೆ ಇಡಬಹುದು. 18 ಗುಳಿ ಮುಗಿಯುವಷ್ಟರಲ್ಲಿ ಐದಾರು ಮೈಲಿ ಏರು ಇಳಿಜಾರು ತುಳಿಯಬೇಕು. ನಮ್ಮ ದೇಶದ ಮೈದಾನಗಳಲ್ಲಿ ಇವನಿಗೆ ಸಾಮಾನ್ಯವಾಗಿ ತಿಂಗಳ ಸಂಬಳವಿಲ್ಲ. ಆಟವಿದ್ದರೆ ಕೂಲಿ, ಮಳೆ ಹಿಡಿದರೆ ಬರಿಗೈ. ಗಿರಣಿಯ ಬಾಗಿಲಲ್ಲಿ ಬದಲಿ ಕೆಲಸಕ್ಕೆ ಕಾದು ಬೆಳಿಗ್ಗೆ ವಾಪಸಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲಸ ಕೊಟ್ಟೆವೆನ್ನುವವರು ಹಾಜರಿ ಪುಸ್ತಕ ತೋರಿಸಲಿ, ಭವಿಷ್ಯನಿಧಿಯ ಚೀಟಿ ತೋರಿಸಲಿ.

ಅದು ತಮಿಳುನಾಡಿನ ವಿಷಯ, ನಮಗೇಕೆ ಎಂದು ಯಾರೂ ಜಾರಿಕೊಳ್ಳಬಾರದು. ಬೆಂಗಳೂರಿನ ನಡುಮಧ್ಯೆ ಹೈಗ್ರೌಂಡ್ಸ್‌ನಲ್ಲಿ 1876ರಲ್ಲಿ ಹುಟ್ಟಿದ ಗಾಲ್ಫ್ ಕ್ಲಬ್ಬು ಇಂದಿಗೂ ಇದೆ. ಅದೇ ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆಗೆ ಜಾಗ ಸಾಲದೆ ನಮ್ಮ ಹುಡುಗರು ಒಂದೇ ಕೋಣೆಯಲ್ಲಿ ಆರು ಜನ ಮಲಗುತ್ತಾರೆ.

ಆದ್ದರಿಂದ ನಮ್ಮ ಕೇಳಿಕೆ ಸರಳ. ಊಟಿಯಾಗಲಿ ಬೆಂಗಳೂರಾಗಲಿ, ಗಾಲ್ಫ್ ಮೈದಾನದ ನೆಲ ಯಾವ ಶರತ್ತಿನ ಮೇಲೆ ಯಾರ ಕೈಯಲ್ಲಿದೆ, ಎಕರೆಗೆ ವರ್ಷಕ್ಕೆಷ್ಟು ಖಜಾನೆಗೆ ಬರುತ್ತದೆ ಎಂಬುದನ್ನು ಆಯಾ ಸರ್ಕಾರ ಪ್ರಕಟಿಸಲಿ. ಪಕ್ಕದಲ್ಲೇ ಪುರಸಭೆಯ ಅಂಗಡಿಯ ಬಾಡಿಗೆ ಚದರಡಿಗೆ ಎಷ್ಟೆಂದೂ ಬರೆಯಲಿ. ಆ ಹಲಗೆಯನ್ನು ಕ್ಲಬ್ಬಿನೊಳಗೆ ತೂಗುಹಾಕುವುದು ಬೇಡ, ಮಾರುಕಟ್ಟೆಯ ಬಾಗಿಲಲ್ಲಿ, ಎಲ್ಲರೂ ಓದುವಂತೆ ನಿಲ್ಲಿಸಲಿ.