‘ಸ್ಕ್ಯಾನ್‌ನಲ್ಲಿ ಏನೂ ಇಲ್ವಂತೆ!’

ಕಾಯಿಲೆ ಅಂದ್ರೆ ನಮ್ಮ ಕಡೆ ಒಂದು ಪುರಾವೆ ಬೇಕೇ ಬೇಕು. ಜ್ವರಕ್ಕೆ ಥರ್ಮಾಮೀಟರ್, ಸಕ್ಕರೆ ಕಾಯಿಲೆಗೆ ಬ್ಲಡ್ ರಿಪೋರ್ಟ್, ಕೈ ಮುರಿದರೆ ಎಕ್ಸ್‌ರೇ. ದೊಡ್ಡ ಕವರಿನಲ್ಲಿ ಕೊಟ್ಟ ಫಿಲಂ ಅನ್ನು ಕಿಟಕಿ ಬೆಳಕಿಗೆ ಹಿಡಿದು ಮನೆಮಂದಿಯೆಲ್ಲ ನೋಡಿದ ಮೇಲೇನೇ ಸಮಾಧಾನ. ಆದರೆ ‘ಮನಸ್ಸು ಸರಿಯಿಲ್ಲ’ ಅನ್ನೋರು ಏನನ್ನ ತೋರಿಸಬೇಕು? ಹಳ್ಳಿಯಿಂದ ಹಿಡಿದು ನಮ್ಮ ಐಟಿ ಪಾರ್ಕ್‌ವರೆಗೆ ಈಗ ಎಲ್ಲರ ಬಾಯಲ್ಲೂ ಒಂದೇ ಸಲಹೆ: ‘ಒಂದ್ಸಲ ತಲೆ ಸ್ಕ್ಯಾನ್ ಮಾಡಿಸಿಬಿಡಿ.’

ನಮ್ಮೂರು ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ. ಅಲ್ಲಿರೋ ನಮ್ಮ ಚಿಕ್ಕವ್ವ ರೇಷ್ಮೆ ಹುಳ ಸಾಕೋದರಲ್ಲಿ ಎತ್ತಿದ ಕೈ. ಹೋದ ವರ್ಷ ಅವಳು ಮಂಕಾದಳು. ಊಟ ಸೇರಲ್ಲ, ರಾತ್ರಿ ನಿದ್ದೆ ಇಲ್ಲ, ತಲೆನೋವು. ಹುಳಕ್ಕೆ ಸೊಪ್ಪು ಹಾಕೋ ಹೊತ್ತಾದರೂ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ದೇವಸ್ಥಾನ ಆಯ್ತು, ತಾಯತ ಆಯ್ತು, ಕೊನೆಗೆ ಯಾರದೋ ಮಾತು ಕೇಳಿ ಏಳು ಸಾವಿರ ರೂಪಾಯಿ ಕೊಟ್ಟು ಎಂಆರ್‌ಐ ಮಾಡಿಸಿದರು. ಮನೆಗೆ ಒಬ್ಬ ಇಂಜಿನಿಯರ್ ಇದ್ದರೆ ರಿಪೋರ್ಟ್ ಓದೋದೂ ಅವನ ಕೆಲಸವೇ ತಾನೇ? ವಾಟ್ಸ್ಯಾಪ್‌ನಲ್ಲಿ ಫೋಟೋ ಬಂತು, ಹಿಂದೆಯೇ ಚಿಕ್ಕಪ್ಪನ ಫೋನು.

‘ನೋಡ್ಲಾ ಮಗ, ಎಲ್ಲಾ ನಾರ್ಮಲ್ ಅಂತ ಬರ್ದವ್ರೆ. ತಲೇಲಿ ಏನೂ ಇಲ್ವಂತೆ!’

ಮೊದಲ ಎರಡು ದಿನ ಮನೆಯಲ್ಲಿ ಹಬ್ಬದ ಖುಷಿ. ಗಡ್ಡೆ ಇಲ್ಲ, ರಕ್ತ ಹೆಪ್ಪುಗಟ್ಟಿಲ್ಲ, ದೇವರು ದೊಡ್ಡವನು. ಮೂರನೇ ದಿನದಿಂದ ಮಾತಿನ ಧಾಟಿ ಬದಲಾಯಿತು. ‘ಏನೂ ಇಲ್ಲ ಅಂತ ಮಿಷಿನ್ನೇ ಹೇಳದೆ, ಇನ್ನು ಎದ್ದು ಕೆಲ್ಸ ನೋಡವ್ವ’ ಅಂತ ಒಬ್ಬರು, ‘ಸೋಮಾರಿತನ’ ಅಂತ ಇನ್ನೊಬ್ಬರು. ಚಿಕ್ಕವ್ವ ನನ್ನ ಹತ್ತಿರ ಹೇಳಿದ್ದು ಇಷ್ಟೇ: ‘ತಲೆ ಚೆನ್ನಾಗದೆ ಅಂತ ಫೋಟೋ ಹೇಳ್ತದೆ ಕಣಪ್ಪ. ಬೆಳಗಾದ್ರೆ ನಂಗೆ ಎದ್ದೇಳಕ್ಕೇ ಆಗಕಿಲ್ಲ. ಹಂಗಾದ್ರೆ ನಾನೇ ಸುಳ್ಳಾ?’ (ಅವಳ ಒಪ್ಪಿಗೆ ಕೇಳಿಯೇ ಇದನ್ನ ಬರೀತಿದ್ದೀನಿ.)

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಆ ಮಿಷಿನ್ನು ಏನನ್ನ ನೋಡುತ್ತೆ, ಏನನ್ನ ನೋಡಲ್ಲ ಅಂತ ತಿಳಿಯಬೇಕು.

ಎಂಆರ್‌ಐ ಅಂದ್ರೆ ಒಂದು ದೊಡ್ಡ ಅಯಸ್ಕಾಂತ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಶಕ್ತಿಯದ್ದು ಇರುತ್ತೆ. 3 ಟೆಸ್ಲಾ ಅಂದ್ರೆ ಭೂಮಿಯ ಕಾಂತಕ್ಷೇತ್ರದ ಸುಮಾರು 60 ಸಾವಿರ ಪಟ್ಟು. ನಮ್ಮ ದೇಹದ ನೀರಿನಲ್ಲಿರೋ ಹೈಡ್ರೋಜನ್ ಈ ಅಯಸ್ಕಾಂತಕ್ಕೆ ಸ್ಪಂದಿಸುತ್ತೆ. ಅದನ್ನ ರೇಡಿಯೋ ಅಲೆಗಳಿಂದ ಸ್ವಲ್ಪ ಅಲುಗಿಸಿ, ವಾಪಸ್ ಬರೋ ಸಿಗ್ನಲ್‌ನಿಂದ ಚಿತ್ರ ಕಟ್ಟುತ್ತಾರೆ. ಎಕ್ಸ್‌ರೇ ವಿಕಿರಣ ಇದರಲ್ಲಿ ಇಲ್ಲ. ಗಡ್ಡೆ, ಪಾರ್ಶ್ವವಾಯು, ಮೆದುಳು ಸವೆದಿರೋದು, ಮೂರ್ಛೆರೋಗಕ್ಕೆ ಕಾರಣವಾದ ಗಾಯ, ಇವೆಲ್ಲ ಚೆನ್ನಾಗಿ ಕಾಣುತ್ತವೆ. ಅಂದ್ರೆ ಮೆದುಳಿನ ಕಟ್ಟಡ ಹೇಗಿದೆ ಅಂತ ಗೊತ್ತಾಗುತ್ತೆ.

ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಚಿತ್ರದ ಒಂದೊಂದು ಚುಕ್ಕಿಯೊಳಗೂ ಸಾವಿರಾರು ನರಕೋಶ ಅಡಗಿರುತ್ತವೆ. ಅವು ಒಂದಕ್ಕೊಂದು ಏನು ಮಾತಾಡಿಕೊಳ್ಳುತ್ತಿವೆ ಅನ್ನೋದು ಈ ಚಿತ್ರದಲ್ಲಿ ಬರಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸರ್ವರ್ ರೂಮಿನ ಫೋಟೋ ನೋಡಿ ಆ್ಯಪ್ ಯಾಕೆ ಹ್ಯಾಂಗ್ ಆಗ್ತಿದೆ ಅಂತ ಹೇಳೋಕಾಗಲ್ಲವಲ್ಲ, ಹಾಗೆ. ಬೆಂಕಿ ಬಿದ್ದಿದ್ರೆ ಮಾತ್ರ ಫೋಟೋದಲ್ಲಿ ಕಾಣುತ್ತೆ.

‘ಹಾಗಾದ್ರೆ ಮೆದುಳಿನಲ್ಲಿ ಕೆಂಪು, ಹಳದಿ ಬಣ್ಣ ಹೊಳೆಯೋ ಚಿತ್ರಗಳು?’ ಅಂತ ನೀವು ಕೇಳಬಹುದು. ಅದು ಫಂಕ್ಷನಲ್ ಎಂಆರ್‌ಐ. 1990ರಲ್ಲಿ ಜಪಾನಿ ಮೂಲದ ವಿಜ್ಞಾನಿ ಸೈಜಿ ಒಗಾವಾ ಇದರ ತತ್ವವನ್ನ ತೋರಿಸಿಕೊಟ್ಟರು. ಮೆದುಳಿನ ಯಾವ ಭಾಗ ಹೆಚ್ಚು ಕೆಲಸ ಮಾಡುತ್ತೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತೆ, ಅಯಸ್ಕಾಂತ ಆ ವ್ಯತ್ಯಾಸವನ್ನ ಹಿಡಿಯುತ್ತೆ. ಯೋಚನೆ ಕಣ್ಣುಮಿಟುಕಿಸೋದರಲ್ಲಿ ಆಗಿಹೋಗಿರುತ್ತೆ, ರಕ್ತದ ಏರಿಳಿತ ಮಾತ್ರ ನಾಲ್ಕೈದು ಸೆಕೆಂಡ್ ತಡ. ಬಣ್ಣವಂತೂ ಆಮೇಲೆ ಕಂಪ್ಯೂಟರ್ ಹಾಕಿದ್ದು. ಎಲ್ಲಿ ಬಣ್ಣ ಹಾಕಬೇಕು ಅಂತ ತೀರ್ಮಾನಿಸೋದು ಸಂಖ್ಯಾಶಾಸ್ತ್ರ ಮತ್ತು ಸಾಫ್ಟ್‌ವೇರ್.

ಸಾಫ್ಟ್‌ವೇರ್ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಗುತ್ತೆ. 2016ರಲ್ಲಿ ಆಂಡರ್ಸ್ ಎಕ್ಲುಂಡ್ ಮತ್ತು ಸಂಗಡಿಗರು ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರೋ ಮೂರು ಸಾಫ್ಟ್‌ವೇರ್‌ಗಳನ್ನ ಪರೀಕ್ಷೆ ಮಾಡಿದರು. 499 ಆರೋಗ್ಯವಂತರು ಸುಮ್ಮನೆ ಮಲಗಿದ್ದಾಗ ತೆಗೆದ ಸ್ಕ್ಯಾನ್‌ಗಳನ್ನ ಮನಸ್ಸಿಗೆ ಬಂದಂತೆ ಗುಂಪು ಮಾಡಿ ಹೋಲಿಸಿದರು. ಗುಂಪುಗಳ ನಡುವೆ ವ್ಯತ್ಯಾಸ ಸಿಗಬಾರದು, ಸಿಕ್ಕರೂ ನೂರಕ್ಕೆ ಐದು ಸಲ. ಆದರೆ ಕೆಲವು ಸೆಟ್ಟಿಂಗ್‌ಗಳಲ್ಲಿ ನೂರಕ್ಕೆ ಎಪ್ಪತ್ತು ಸಲದವರೆಗೆ ‘ವ್ಯತ್ಯಾಸ ಇದೆ’ ಅಂತ ಉತ್ತರ ಬಂತು! ಮುಖ್ಯ ಕಾರಣ ಲೆಕ್ಕಾಚಾರದ ಹಿಂದಿದ್ದ ತಪ್ಪು ಊಹೆಗಳು. ಜೊತೆಗೆ ಒಂದು ಸಾಫ್ಟ್‌ವೇರ್‌ನಲ್ಲಿ 15 ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿದ್ದ ಒಂದು ಬಗ್. ಪ್ರೊಡಕ್ಷನ್‌ನಲ್ಲಿ ಹದಿನೈದು ವರ್ಷ!

ಇದರರ್ಥ ಸಂಶೋಧನೆಯೆಲ್ಲ ಸುಳ್ಳು ಅಂತಲ್ಲ. ಬಗ್ ಹುಡುಕಿ ಹೇಳಿದವರೂ ಅದೇ ಕ್ಷೇತ್ರದವರು. ಸಂಶೋಧನೆಯ ಉತ್ತರಗಳು ಎಂಥವು ಅಂತ ತಿಳಿದುಕೊಂಡರೆ ಸಾಕು. ಖಿನ್ನತೆಯನ್ನೇ ತಗೊಳ್ಳಿ. 2016ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನ ಖಿನ್ನತೆ ಇರೋ 1,728 ಜನರ ಮೆದುಳನ್ನ ಆರೋಗ್ಯವಂತರ ಮೆದುಳಿನ ಜೊತೆ ಹೋಲಿಸಿತು. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಅನ್ನೋ ಭಾಗ ಖಿನ್ನತೆ ಇದ್ದವರಲ್ಲಿ ಸರಾಸರಿ ಶೇ. 1ರಷ್ಟು ಚಿಕ್ಕದಿತ್ತು. ಆ ‘ಸರಾಸರಿ’ ಅನ್ನೋ ಪದ ಮುಖ್ಯ. ಸರಾಸರಿಯಲ್ಲಿ ಗಂಡಸರು ಹೆಂಗಸರಿಗಿಂತ ಎತ್ತರ. ಆದರೆ ‘ಐದಡಿ ಐದಿಂಚು’ ಅಂತಷ್ಟೇ ಹೇಳಿದರೆ ಅದು ಗಂಡೋ ಹೆಣ್ಣೋ ಹೇಳ್ತೀರಾ? ಹಾಗೆಯೇ ಒಬ್ಬರ ಸ್ಕ್ಯಾನ್ ನೋಡಿ ಅವರಿಗೆ ಖಿನ್ನತೆ ಇದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಇವತ್ತಿಗೂ ಖಿನ್ನತೆ, ಆತಂಕದ ಕಾಯಿಲೆಗಳನ್ನ ಪತ್ತೆ ಮಾಡೋ ಸ್ಕ್ಯಾನ್ ಪ್ರಪಂಚದ ಯಾವ ಆಸ್ಪತ್ರೆಯಲ್ಲೂ ಇಲ್ಲ. ಚಿಕ್ಕವ್ವನ ರಿಪೋರ್ಟ್‌ನಲ್ಲಿದ್ದ ‘ನಾರ್ಮಲ್’ ಅನ್ನೋ ಪದ ಗಡ್ಡೆಯ ಬಗ್ಗೆ, ಪಾರ್ಶ್ವವಾಯುವಿನ ಬಗ್ಗೆ. ಅವಳ ಬೆಳಗಿನ ಬಗ್ಗೆ ಅಲ್ಲ.

ಇಷ್ಟಾದರೂ ನಮ್ಮ ರಾಜ್ಯದಲ್ಲೇ ನಡೀತಿರೋ ಮೆದುಳಿನ ಸಂಶೋಧನೆಯ ಬಗ್ಗೆ ನನಗೆ ಹೆಮ್ಮೆ ಇದೆ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನ, ಮೆದುಳಿನ ಚಿತ್ರಕ್ಕೂ ಮನುಷ್ಯನ ನಡವಳಿಕೆಗೂ ನಂಬಬಹುದಾದ ಸಂಬಂಧ ಹುಡುಕಬೇಕಾದರೆ ಇಪ್ಪತ್ತು, ಮೂವತ್ತು ಜನ ಸಾಲಲ್ಲ, ಸಾವಿರಾರು ಜನ ಬೇಕು ಅಂತ ತೋರಿಸಿತು. ಆ ಸಾವಿರಾರು ಜನ ಯಾರು? ಇಲ್ಲಿಯವರೆಗೆ ಹೆಚ್ಚಿನವರು ಪಾಶ್ಚಾತ್ಯ ದೇಶಗಳವರು. ಮೆದುಳಿನ ಚಿತ್ರಗಳನ್ನ ಹೊಂದಿಸೋಕೆ ಪ್ರಪಂಚದಾದ್ಯಂತ ಬಳಸೋ ಮಾದರಿ ನಕ್ಷೆಗಳಲ್ಲೊಂದನ್ನ ಕೆನಡಾದ ಮಾಂಟ್ರಿಯಲ್‌ನಲ್ಲಿ 152 ಜನರ ಸ್ಕ್ಯಾನ್‌ನಿಂದ ಮಾಡಿದ್ದು. 2020ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 6ರಿಂದ 60 ವರ್ಷದ ಭಾರತೀಯರಿಗಾಗಿ ಬೇರೆ ಬೇರೆ ವಯಸ್ಸಿನ ಐದು ಮಾದರಿ ನಕ್ಷೆಗಳನ್ನ ಪ್ರಕಟಿಸಿದರು.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರೋ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕಿದೆ. 45 ದಾಟಿದ ಹತ್ತು ಸಾವಿರ ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿ, ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲ ಮಾಡಿ, ಮರೆವಿನ ಕಾಯಿಲೆ ಯಾರಿಗೆ ಯಾಕೆ ಬರುತ್ತೆ ಅಂತ ತಿಳಿಯೋ ಪ್ರಯತ್ನ ಅದು. ಮಾವಿನ ತೋಟದಲ್ಲಿ ಕೆಲಸ ಮಾಡೋರು, ಸ್ಕೂಲಿನ ಮೆಟ್ಟಿಲು ಹತ್ತದವರು, ಅಂಥವರ ಮೆದುಳೂ ಈಗ ವಿಜ್ಞಾನದ ಲೆಕ್ಕಕ್ಕೆ ಸಿಗುತ್ತಿದೆ. ನಮ್ಮ ಮಂಡ್ಯದ ಪಕ್ಕದ ಮೈಸೂರೂ ಇಂಥದ್ದೊಂದು ಕೆಲಸದಲ್ಲಿದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ ಬ್ರಿಟನ್ ವಿಜ್ಞಾನಿಗಳ ಜೊತೆ ಸೇರಿ ನಡೆಸಿದ ‘ಸಿ-ವೇದಾ’ ಅಧ್ಯಯನದಲ್ಲಿ ದೇಶದ ಏಳು ಕಡೆಯ 9 ಸಾವಿರಕ್ಕೂ ಹೆಚ್ಚು ಮಕ್ಕಳು, ಯುವಕ ಯುವತಿಯರು ಭಾಗವಹಿಸಿದ್ದಾರೆ. ಒಂದಷ್ಟು ಜನರ ಎಂಆರ್‌ಐ ಕೂಡ ಆಗಿದೆ. ಬಡತನ, ಪರಿಸರ, ಮನೆಯ ವಾತಾವರಣ ಬೆಳೆಯೋ ಮೆದುಳಿನ ಮೇಲೆ ಏನು ಮಾಡುತ್ತೆ ಅನ್ನೋದು ಅಲ್ಲಿನ ಪ್ರಶ್ನೆ.

ಇವೆಲ್ಲ ನಾಳೆಯ ಚಿಕಿತ್ಸೆಗೆ ಇವತ್ತು ಹಾಕುತ್ತಿರೋ ಪಾಯ. ಆದರೆ ಇವತ್ತು ಮಲಗಿದಲ್ಲಿಂದ ಏಳೋಕಾಗದವರು ನಾಳೆವರೆಗೆ ಕಾಯಬೇಕಾಗಿಲ್ಲ. ಸ್ಕ್ಯಾನ್‌ನಲ್ಲಿ ಕಾಣದ ಕಾಯಿಲೆಗೂ ಔಷಧಿ ಇದೆ, ಮಾತಿನ ಚಿಕಿತ್ಸೆ ಇದೆ.

ಚಿಕ್ಕವ್ವನನ್ನ ಕೊನೆಗೆ ಮಂಡ್ಯದಲ್ಲಿ ಒಬ್ಬ ಮನೋವೈದ್ಯರಿಗೆ ತೋರಿಸಿದೆವು. ಅವರು ಎಂಆರ್‌ಐ ಕವರನ್ನ ಒಂದ್ಸಲ ನೋಡಿ ಪಕ್ಕಕ್ಕಿಟ್ಟು, ಮುಕ್ಕಾಲು ಗಂಟೆ ಮಾತಾಡಿಸಿದರು. ಯಾವಾಗಿಂದ ಹೀಗೆ? ಬೆಳಗಿನ ಜಾವ ಎಷ್ಟೊತ್ತಿಗೆ ಎಚ್ಚರ ಆಗುತ್ತೆ? ಹುಳ ಹಣ್ಣಾದಾಗ ಮೊದಲಿನ ಹಾಗೆ ಖುಷಿ ಆಗುತ್ತಾ? ಬದುಕೋದು ಬೇಡ ಅನಿಸುತ್ತಾ? ಆ ಕೊನೇ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಕೇಳಿ ಚಿಕ್ಕಪ್ಪ ಎದ್ದು ಹೊರಗೆ ಹೋಗಿ ನಿಂತರು. ಅಷ್ಟು ತಿಂಗಳಲ್ಲಿ ನಾವ್ಯಾರೂ ಕೇಳದ ಪ್ರಶ್ನೆ ಅದು. ಥೈರಾಯ್ಡ್ ಪರೀಕ್ಷೆ ಬರೆದರು, ಮಾತ್ರೆ ಕೊಟ್ಟರು, ಎರಡು ವಾರಕ್ಕೊಮ್ಮೆ ಬರೋಕೆ ಹೇಳಿದರು. ಸುಮಾರು ಆರು ವಾರಕ್ಕೆ ನಿದ್ದೆ ಸರಿಯಾಯಿತು. ಪೂರ್ತಿ ಮೊದಲಿನ ಹಾಗೆ ಆಗಿದ್ದಾಳೆ ಅಂತ ಹೇಳಲ್ಲ. ಆದರೆ ಈ ಸಲದ ಬೆಳೆಗೆ ಸೊಪ್ಪು ಹಾಕಿದ್ದು ಅವಳೇ.

ನಮ್ಮೂರಿನ ಹೆಸರನ್ನ ತಮ್ಮ ಹೆಸರಿಗೆ ಸೇರಿಸಿಕೊಂಡು ಪ್ರಸಿದ್ಧರಾದ ಬೆಸಗರಹಳ್ಳಿ ರಾಮಣ್ಣ ಕತೆಗಾರರೂ ಹೌದು, ವೃತ್ತಿಯಿಂದ ಡಾಕ್ಟರೂ ಹೌದು. ಆ ಎರಡೂ ಕೆಲಸ ಬೇರೆ ಬೇರೆ ಅಂತ ಮೊದಲು ಅಂದ್ಕೊಂಡಿದ್ದೆ. ಆ ಮುಕ್ಕಾಲು ಗಂಟೆ ನೋಡಿದ ಮೇಲೆ, ಮನಸ್ಸಿನ ಕಾಯಿಲೆಯಲ್ಲಂತೂ ರೋಗಿಯ ಕತೆಯೇ ರಿಪೋರ್ಟು ಅನ್ನಿಸಿತು.

ಹಾಗಂತ ಸ್ಕ್ಯಾನ್ ಬೇಡವೇ ಬೇಡ ಅಂತಲ್ಲ. ಇದ್ದಕ್ಕಿದ್ದಂತೆ ಕೈಕಾಲು ಸ್ವಾಧೀನ ತಪ್ಪಿದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ವರ್ತನೆ ಬದಲಾದರೆ, ವಯಸ್ಸಾದವರಿಗೆ ಮರೆವು ಹೆಚ್ಚಾದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ. ಸ್ಕ್ಯಾನ್ ಬೇಕೋ ಬೇಡವೋ ಅವರೇ ಹೇಳಲಿ. ಆದರೆ ಆಫೀಸಿನ ಒತ್ತಡದಲ್ಲಿ ತಿಂಗಳಿಂದ ನಿದ್ದೆ ಬರ್ತಿಲ್ಲ ಅಂತ ನೀವೇ ‘ಬ್ರೇನ್ ಪ್ಯಾಕೇಜ್’ ಬುಕ್ ಮಾಡಿ, ನಾರ್ಮಲ್ ಅಂತ ಬಂದ ಮೇಲೆ ಸುಮ್ಮನಾಗಬೇಡಿ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ದೊಡ್ಡವರಲ್ಲಿ ಶೇ. 10.6ರಷ್ಟು ಜನಕ್ಕೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಖಿನ್ನತೆ ಇದ್ದವರಲ್ಲಿ ನೂರಕ್ಕೆ 85 ಜನ ಚಿಕಿತ್ಸೆಯಿಂದ ದೂರವೇ ಇದ್ದರು. ಅಷ್ಟೂ ಜನಕ್ಕೆ ಮೊದಲು ಬೇಕಾಗಿರೋದು ಎಂಆರ್‌ಐ ಅಲ್ಲ, ಕೂತು ಕೇಳೋರು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಗೊತ್ತಾದ ದಿನ ಮನೋವೈದ್ಯರು ಬರೋ ವ್ಯವಸ್ಥೆ ಇದೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಯಾವ ದಿನ ಅಂತ ಕೇಳಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ದಿನದ 24 ಗಂಟೆಯೂ ಇರುತ್ತೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಊರಿನಲ್ಲಿರೋ ಅಪ್ಪ ಅಮ್ಮನ ಫೋನಿನಲ್ಲೂ ಸೇವ್ ಮಾಡಿಕೊಡಿ.